ಮನೆಯಲ್ಲೇ ರೂಟರ್ ಸ್ಪಿಂಡಲ್: ಬೇರಿಂಗ್ ಪ್ರಿಲೋಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮರ ಕೊಯ್ಯುವ ರೂಟರ್ ಮೆಷಿನ್‌ನಲ್ಲಿ ಕಟರ್ ಹಿಡಿದು ತಿರುಗುವ ಭಾಗವೇ ಸ್ಪಿಂಡಲ್. ಇಲ್ಲಿಯವರೆಗೆ ಮೂರು ಮಾಡಿದ್ದೇನೆ. ಮೊದಲನೆಯದು ಹತ್ತೇ ನಿಮಿಷಕ್ಕೆ ಹೊಗೆ ಬಿಟ್ಟಿತು. ಎರಡನೆಯದು ಓಡಿತು, ಆದರೆ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟುವಷ್ಟು ಕಿರುಚುತ್ತಿತ್ತು. ಮೂರನೆಯದು ಇವತ್ತಿಗೂ ಪ್ಲೈವುಡ್, ಎಂಡಿಎಫ್, ಆಗೀಗ ಅಲ್ಯೂಮಿನಿಯಂ ಕೊಯ್ಯುತ್ತಿದೆ. ಅದನ್ನು ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ, ಅದಕ್ಕೇ ಎಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ರೆಡಿಮೇಡ್ ಸ್ಪಿಂಡಲ್ ಸಿಗುತ್ತಲ್ಲ, ಇದೆಲ್ಲ ಯಾಕೆ?

ನಿಮಗೆ ಬರೀ ಸ್ಪಿಂಡಲ್ ಬೇಕಿದ್ದರೆ ಕೊಂಡುಕೊಳ್ಳಿ. 80 ಮಿಮೀ ದಪ್ಪದ, 2.2 ಕಿಲೋವ್ಯಾಟ್‌ನ, 400 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 24,000 ಸುತ್ತು ತಿರುಗುವ ಚೀನಾ ಸ್ಪಿಂಡಲ್ ಬರುತ್ತದಲ್ಲ, ಆ ಶಕ್ತಿಯನ್ನು ಆ ವೇಗದಲ್ಲಿ ಮನೆಯಲ್ಲಿ ತೆಗೆಯುವುದು ಸುಲಭವಲ್ಲ. ದುಡ್ಡು ಉಳಿಸುವ ಆಸೆಯಿಂದ ಶುರು ಮಾಡಿದರೆ ನಿರಾಸೆಯೇ ಗತಿ. ಸ್ವಂತವಾಗಿ ಮಾಡುವುದಕ್ಕೆ ಬೇರೆ ಕಾರಣಗಳಿವೆ. 6,000 ಸುತ್ತಿನಲ್ಲೂ ಮುಗ್ಗರಿಸದೆ ಎಳೆಯಬೇಕು, ಬೇರಿಂಗ್ ಹೋದರೆ ನಾನೇ ಬದಲಿಸಬೇಕು, ಅಥವಾ ಸುಮ್ನೆ ಮಾಡಿ ನೋಡಬೇಕು. ನನ್ನ ಕಾರಣ ಮೂರನೆಯದು.

ಕೈ ರೂಟರನ್ನೇ ಮೆಷಿನ್‌ಗೆ ಕಟ್ಟಿದರೆ ಆಗಲ್ವಾ?

ಆಗುತ್ತದೆ. ಎಷ್ಟೋ ಜನ ಹಾಗೇ ಓಡಿಸುತ್ತಾರೆ. ಆದರೆ ಕಾರ್ಬನ್ ಬ್ರಷ್ ಸವೆಯುತ್ತದೆ, ಸದ್ದು ತಲೆ ಕೆಡಿಸುತ್ತದೆ. ಒಳಗಿರುವುದು ಸಾಮಾನ್ಯ ಡೀಪ್ ಗ್ರೂವ್ ಬೇರಿಂಗ್, ಅಂದರೆ ಎಲ್ಲೆಡೆ ಸಿಗುವ ಮಾಮೂಲಿ ಗುಂಡಿನ ಬೇರಿಂಗ್. ಬಿಟ್ ಕಚ್ಚಿಕೊಳ್ಳುವ ಕೊಲೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ ಎಷ್ಟೋ ರೂಟರ್‌ಗಳಲ್ಲಿ ಸ್ವಲ್ಪ ಪ್ಲೇ, ಅಂದರೆ ಸಡಿಲ, ಕೈಗೇ ಗೊತ್ತಾಗುತ್ತದೆ.

ಪ್ರಿಲೋಡ್ ಅಂದ್ರೆ ಏನು? ನಟ್ ಚೆನ್ನಾಗಿ ಬಿಗಿ ಮಾಡೋದು ತಾನೇ?

ಅಲ್ಲ. ನನ್ನ ಮೊದಲ ಸ್ಪಿಂಡಲ್ ಸುಟ್ಟಿದ್ದೇ ಹಾಗೆ ಅಂದುಕೊಂಡಿದ್ದಕ್ಕೆ.

ಬೇರಿಂಗ್ ಒಳಗೆ ಗುಂಡುಗಳಿಗೂ ರಿಂಗ್‌ಗಳಿಗೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಆ ಜಾಗ ಇರುವ ತನಕ ಶಾಫ್ಟ್ ಅಷ್ಟು ಅಲ್ಲಾಡುತ್ತದೆ. ಎರಡು ಬೇರಿಂಗ್‌ಗಳನ್ನು ಒಂದರ ಎದುರು ಒಂದು ಲೆಕ್ಕ ಹಾಕಿದ ಬಲದಿಂದ ಒತ್ತಿ ಹಿಡಿದರೆ ಆ ಸಂದು ಮಾಯವಾಗುತ್ತದೆ, ಎಲ್ಲ ಗುಂಡುಗಳೂ ಭಾರ ಹೊರುತ್ತವೆ, ವೇಗದಲ್ಲಿ ಜಾರದೆ ಉರುಳುತ್ತವೆ. ಆ ಬಲವೇ ಪ್ರಿಲೋಡ್. ಕಡಿಮೆಯಾದರೆ ನಡುಗುತ್ತದೆ, ಜಾಸ್ತಿಯಾದರೆ ಬಿಸಿಯಾಗುತ್ತದೆ.

ಈಗ ನಟ್ ಲೆಕ್ಕ ನೋಡಿ. ಎಂ 20, 1 ಮಿಮೀ ಪಿಚ್‌ನ ಲಾಕ್‌ನಟ್ ಒಂದು ಸುತ್ತಿಗೆ 1 ಮಿಮೀ, ಅಂದರೆ 1000 ಮೈಕ್ರಾನ್ ಮುಂದೆ ಹೋಗುತ್ತದೆ. ಒಂದು ಡಿಗ್ರಿ ತಿರುಗಿಸಿದರೆ 2.8 ಮೈಕ್ರಾನ್. 20 ಮಿಮೀ ಬೇರಿಂಗ್‌ನಲ್ಲಿ ಹಗುರ ಪ್ರಿಲೋಡ್‌ಗೂ ಭಾರಿ ಪ್ರಿಲೋಡ್‌ಗೂ ಇರುವ ವ್ಯತ್ಯಾಸ ಕೆಲವೇ ಮೈಕ್ರಾನ್. ಸ್ಪ್ಯಾನರ್ ಹಿಡಿದ ಕೈಗೆ ಒಂದೆರಡು ಡಿಗ್ರಿ ಗೊತ್ತಾಗುತ್ತಾ? ನನಗಂತೂ ಆಗಲ್ಲ. ಹಾಗಾಗಿ ಪ್ರಿಲೋಡ್ ಎಷ್ಟು ಅನ್ನುವುದನ್ನು ನಟ್ ಕೈಗೆ ಬಿಡಬಾರದು. ಅದನ್ನು ಸ್ಪೇಸರ್ (ಎರಡು ಬೇರಿಂಗ್‌ಗಳ ನಡುವೆ ಅಂತರ ಹಿಡಿಯುವ ಬಳೆ) ಅಥವಾ ಸ್ಪ್ರಿಂಗ್ ತೀರ್ಮಾನಿಸಬೇಕು. ನಟ್ ಕೆಲಸ ಬರೀ ಬಿಗಿಯಾಗಿ ಹಿಡಿದುಕೊಳ್ಳುವುದು.

ಯಾವ ಬೇರಿಂಗ್ ತಗೊಳ್ಳಲಿ?

ಮುಂದೆ, ಅಂದರೆ ಕಟರ್ ಕಡೆಗೆ, ಆಂಗ್ಯುಲರ್ ಕಾಂಟ್ಯಾಕ್ಟ್ (ಗುಂಡುಗಳು ರಿಂಗ್‌ಗೆ ಓರೆಯಾಗಿ ತಾಗುವ) ಬೇರಿಂಗ್ ಜೋಡಿ, 7004 ಸಿ. ಒಳಗೆ 20, ಹೊರಗೆ 42, ಅಗಲ 12 ಮಿಮೀ. ಕೊನೆಯ 'ಸಿ' ಅಂದರೆ ಆ ಓರೆಯ ಕೋನ 15 ಡಿಗ್ರಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 7204 ಬಿ ಇದೆಯಲ್ಲ, ಅದು 40 ಡಿಗ್ರಿ. ಪಂಪ್‌ಗೆ ಸರಿ, ಅಕ್ಕಪಕ್ಕದ ಬಲ ಜಾಸ್ತಿ ಬರುವ ರೂಟರ್‌ಗೆ ಅಲ್ಲ.

ಆಮೇಲೆ ನಿಖರತೆ. ಸಾಮಾನ್ಯ ದರ್ಜೆಯ 20 ಮಿಮೀ ಬೇರಿಂಗ್‌ನಲ್ಲಿ ಇನ್ನರ್ (ಒಳಗಿನ) ರಿಂಗ್‌ನ ರನ್‌ಔಟ್, ಅಂದರೆ ತಿರುಗುವಾಗಿನ ಓಲಾಟ, 13 ಮೈಕ್ರಾನ್ ತನಕ ಇರಬಹುದು, ಪಿ 5 ದರ್ಜೆಯಲ್ಲಿ 4, ಪಿ 4ರಲ್ಲಿ 3. ಪಿ 5 ನಮಗೆ ಧಾರಾಳ. ಮನೆಯ ಲೇತ್‌ನಲ್ಲಿ ಮಾಡಿದ ಶಾಫ್ಟ್‌ಗೆ ಪಿ 4 ಹಾಕುವುದು ಹರಿದ ಚಪ್ಪಲಿಗೆ ಬೆಳ್ಳಿ ಬಕಲ್ ಹಾಕಿದ ಹಾಗೆ.

ಕೊಳ್ಳುವಾಗ 'ಯೂನಿವರ್ಸಲ್' ಜೋಡಿ ಅಂತ ಕೇಳಿ. ಪ್ರಿಲೋಡ್ ಬಲದಲ್ಲಿ ಒತ್ತಿದಾಗ ಇನ್ನರ್, ಔಟರ್ (ಹೊರಗಿನ ರಿಂಗ್) ಎರಡರ ಮುಖವೂ ಸಮ ಬರುವ ಹಾಗೆ ಅವನ್ನು ಕಾರ್ಖಾನೆಯಲ್ಲೇ ಗ್ರೈಂಡ್ ಮಾಡಿರುತ್ತಾರೆ. ಈ ಗಾತ್ರದಲ್ಲಿ ಹಗುರ ಪ್ರಿಲೋಡ್ 30 ನ್ಯೂಟನ್ ಆಸುಪಾಸು, ಮಧ್ಯಮ 60 ಆಸುಪಾಸು. ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ, ಕ್ಯಾಟಲಾಗ್ ನೋಡಿ. ನಾನು ಹಾಕಿದ್ದು ಮಧ್ಯಮ. ಕಾರಣ ಮುಂದೆ ಸ್ಪ್ರಿಂಗ್ ಮಾತು ಬಂದಾಗ ಹೇಳುತ್ತೇನೆ.

ಎರಡು 6004 (ಇದೇ ಗಾತ್ರದ ಡೀಪ್ ಗ್ರೂವ್) ಹಾಕಿದರೆ ಸಾಲದಾ? ಅಗ್ಗ ಅಲ್ವಾ?

ಮರದ ಹಗುರ ಕೆಲಸಕ್ಕೆ ಸಾಕು, ಆದರೆ ಸ್ಪ್ರಿಂಗ್ ಹಾಕಲೇಬೇಕು. ಡೀಪ್ ಗ್ರೂವ್ ಬೇರಿಂಗ್‌ನಲ್ಲಿ ಈ ಗಾತ್ರಕ್ಕೆ ಸಿ 3 (ಮಾಮೂಲಿಗಿಂತ ಸಡಿಲ ದರ್ಜೆ) ಅಂದರೆ 13ರಿಂದ 28 ಮೈಕ್ರಾನ್ ಸಂದು. ಅದನ್ನು ಹಾಗೇ ಬಿಟ್ಟರೆ ಗುಂಡುಗಳು ಗಲಗಲ ಅನ್ನುತ್ತವೆ. ಇದಕ್ಕೊಂದು ಹಳೆಯ ಲೆಕ್ಕ ಇದೆ: ಬೇರಿಂಗ್‌ನ ಒಳ ವ್ಯಾಸವನ್ನು 5ರಿಂದ 10ರ ಒಳಗಿನ ಅಂಕಿಯಿಂದ ಗುಣಿಸಿದರೆ ಸದ್ದಡಗಿಸಲು ಬೇಕಾದ ಬಲ ನ್ಯೂಟನ್‌ನಲ್ಲಿ ಬರುತ್ತದೆ. 20 ಮಿಮೀಗೆ 100ರಿಂದ 200. ಅಷ್ಟು ಬಲದ ವೇವ್ ವಾಷರ್ (ಅಲೆಯಾಕಾರದ ಸ್ಪ್ರಿಂಗ್ ವಾಷರ್) ಹಿಂದಿನ ಬೇರಿಂಗ್‌ನ ಔಟರ್ ಮೇಲೆ ಕೂರಬೇಕು, ಆ ಔಟರ್ ಹೌಸಿಂಗ್‌ನಲ್ಲಿ (ಸ್ಪಿಂಡಲ್‌ನ ಹೊರಕವಚದಲ್ಲಿ) ಸಲೀಸಾಗಿ ಜಾರಬೇಕು.

ಬೆನ್ನಿಗೆ ಬೆನ್ನೋ, ಮುಖಕ್ಕೆ ಮುಖವೋ?

ಬೆನ್ನಿಗೆ ಬೆನ್ನು. ಕ್ಯಾಟಲಾಗ್‌ನಲ್ಲಿ ಡಿಬಿ ಅಂತ ಇರುತ್ತದೆ.

ಆಂಗ್ಯುಲರ್ ಬೇರಿಂಗ್ ಕೈಯಲ್ಲಿ ಹಿಡಿದು ಔಟರ್ ನೋಡಿ. ಒಂದು ಬದಿಯ ಅಂಚು ದಪ್ಪ, ಅದು ಬೆನ್ನು. ಇನ್ನೊಂದು ಬದಿ ತೆಳು, ಅದು ಮುಖ. ದಪ್ಪ ಅಂಚುಗಳು ಒಂದಕ್ಕೊಂದು ಎದುರಾಗಿ ಬಂದರೆ ಡಿಬಿ. ಆಗ ಭಾರದ ಗೆರೆಗಳು ಶಾಫ್ಟ್ ಮೇಲೆ ದೂರ ದೂರ ಬೀಳುತ್ತವೆ, ಕಾಲು ಅಗಲಿಸಿ ನಿಂತ ಹಾಗೆ. ಕಟರ್ ಪಕ್ಕಕ್ಕೆ ತಳ್ಳಿದರೂ ಸ್ಪಿಂಡಲ್ ಬಗ್ಗಲ್ಲ. ಮುಖಕ್ಕೆ ಮುಖ ಇಟ್ಟರೆ ಕಾಲು ಜೋಡಿಸಿ ನಿಂತ ಹಾಗೆ.

ಬಿಸಿಯ ವಿಷಯವೂ ಇದೆ. ಓಡುವಾಗ ಶಾಫ್ಟ್ ಹೌಸಿಂಗ್‌ಗಿಂತ ಬೇಗ ಬಿಸಿಯಾಗಿ ಉದ್ದವಾಗುತ್ತದೆ. ಉಕ್ಕಿನ 100 ಮಿಮೀ ಶಾಫ್ಟ್ 20 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 23 ಮೈಕ್ರಾನ್ ಬೆಳೆಯುತ್ತದೆ. ಡಿಬಿಯಲ್ಲಿ ಉದ್ದ ಬೆಳೆದಷ್ಟೂ ಪ್ರಿಲೋಡ್ ಸಡಿಲವಾಗುತ್ತದೆ, ದಪ್ಪ ಬೆಳೆದಷ್ಟೂ ಬಿಗಿಯಾಗುತ್ತದೆ, ಒಂದಕ್ಕೊಂದು ಸ್ವಲ್ಪ ವಜಾ ಆಗುತ್ತದೆ. ಮುಖಕ್ಕೆ ಮುಖದಲ್ಲಿ ಎರಡೂ ಬಿಗಿಯ ಕಡೆಗೇ. ಬಿಸಿಯಾದಷ್ಟೂ ಬಿಗಿ, ಬಿಗಿಯಾದಷ್ಟೂ ಬಿಸಿ. ಕೊನೆಗೆ ಹೊಗೆ. ನನ್ನ ಮೊದಲ ಸ್ಪಿಂಡಲ್‌ನಲ್ಲಿ ಬೇರಿಂಗ್ ಉಲ್ಟಾ ಕೂರಿಸಿದ್ದೆ, ಮೇಲಿಂದ ನಟ್ ಬೇರೆ ಜಗ್ಗಿದ್ದೆ. ಬಿಚ್ಚಿದಾಗ ಗುಂಡುಗಳು ನೀಲಿ.

ನಿಮ್ಮ ಸ್ಪಿಂಡಲ್‌ನ ಜೋಡಣೆ ಹೇಗಿದೆ?

ಮುಂದಿನಿಂದ ಹಿಂದಕ್ಕೆ ಹೇಳುತ್ತೇನೆ. ಇಆರ್ 20 ಗಾತ್ರದ ಕೊಲೆಟ್ ತಲೆ, ಅದರ ಹಿಂದೆ ಶಾಫ್ಟ್‌ನ ಭುಜ, ಅಂದರೆ ದಪ್ಪ ಬದಲಾಗುವ ಮೆಟ್ಟಿಲು. ಭುಜಕ್ಕೆ ಒತ್ತಿಕೊಂಡು ಮೊದಲ 7004, ಆಮೇಲೆ 30 ಮಿಮೀ ಉದ್ದದ ಒಳ ಮತ್ತು ಹೊರ ಸ್ಪೇಸರ್, ಎರಡನೇ 7004, ಎಂ 20 ಲಾಕ್‌ನಟ್. ಔಟರ್‌ಗಳು ಹೌಸಿಂಗ್ ಒಳಗಿನ ಭುಜಕ್ಕೂ ಮುಂದಿನ ಮುಚ್ಚಳಕ್ಕೂ ನಡುವೆ ಸಿಕ್ಕಿಕೊಂಡಿವೆ. ಹಿಂದೆ ಶಾಫ್ಟ್ 17 ಮಿಮೀಗೆ ಇಳಿದು ಒಂದು 6003 ಝಡ್‌ಝಡ್ (ಎರಡೂ ಬದಿ ತಗಡು ಮುಚ್ಚಿದ ಡೀಪ್ ಗ್ರೂವ್), ಅದರ ಔಟರ್ ಮೇಲೆ ವೇವ್ ವಾಷರ್. ತುದಿಯಲ್ಲಿ ಪುಲ್ಲಿ. ಮೇಲೆ ಕೆಳಗಿನ ಬಲವನ್ನೆಲ್ಲ ಮುಂದಿನ ಜೋಡಿ ಹೊರುತ್ತದೆ. ಹಿಂದಿನದು ಬೆಲ್ಟ್ ಎಳೆತ ತಡೆದುಕೊಂಡು, ಶಾಫ್ಟ್ ಬೆಳೆದಾಗ ತಾನೂ ಜಾರುತ್ತದೆ.

ಎರಡು ಸ್ಪೇಸರ್‌ಗಳ ಉದ್ದ ಸಮ ಇರಬೇಕು ಅಂತಾರೆ. ಎಷ್ಟು ಸಮ?

ಎರಡು ಮೈಕ್ರಾನ್ ಒಳಗೆ. ಗಾಬರಿ ಬೇಡ, ಇದು ಅಂದುಕೊಂಡಷ್ಟು ಕಷ್ಟವಿಲ್ಲ. ಉದ್ದ 30.000 ಇರಬೇಕಾಗಿಲ್ಲ, 29.87 ಇದ್ದರೂ ಆಯಿತು. ಎರಡೂ ಒಂದೇ ಇರಬೇಕು, ಅಷ್ಟೇ. ಲೇತ್‌ನಲ್ಲಿ 0.2 ಮಿಮೀ ಜಾಸ್ತಿ ಬಿಟ್ಟು ಮಾಡಿಕೊಳ್ಳಿ, ಸರ್ಫೇಸ್ ಗ್ರೈಂಡಿಂಗ್ ಮಾಡುವವರ ಹತ್ತಿರ ಹೋಗಿ ಎರಡನ್ನೂ ಮ್ಯಾಗ್ನೆಟಿಕ್ ಟೇಬಲ್ ಮೇಲೆ ಅಕ್ಕಪಕ್ಕ ಇಡಿಸಿ, ಒಂದೇ ಸೆಟ್ಟಿಂಗ್‌ನಲ್ಲಿ ಒಂದು ಬದಿ ಹೊಡೆಸಿ, ತಿರುಗಿಸಿ ಇನ್ನೊಂದು ಬದಿ ಹೊಡೆಸಿ. ಕಲ್ಲು ಎರಡರ ಮೇಲೂ ಒಂದೇ ಎತ್ತರದಲ್ಲಿ ಹಾಯುವುದರಿಂದ ಉದ್ದ ತಾನಾಗೇ ಸಮ ಬರುತ್ತದೆ. ಪೀಣ್ಯದಲ್ಲಿ ಇಂಥ ಜಾಬ್ ಮಾಡುವ ಸಣ್ಣ ಶೆಡ್‌ಗಳು ಬೇಕಾದಷ್ಟಿವೆ. 'ಎರಡೂ ಒಟ್ಟಿಗೇ ಇಡಿ ಅಣ್ಣಾ' ಅನ್ನುವ ಒಂದು ಮಾತು ಮರೆಯಬೇಡಿ. ನಾನು ಒಂದು ಸಲ ಮರೆತೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಮಾಡಿಟ್ಟಿದ್ದರು. 11 ಮೈಕ್ರಾನ್ ವ್ಯತ್ಯಾಸ. ಎರಡನೇ ಸ್ಪಿಂಡಲ್ ಕಿರುಚಿದ್ದು ಇದಕ್ಕೇ.

ಯೂನಿವರ್ಸಲ್ ಸಿಗಲಿಲ್ಲ. ಬಿಡಿ ಬೇರಿಂಗ್‌ನಲ್ಲಿ ಮಾಡಬಹುದಾ?

ಮಾಡಬಹುದು, ಅಳತೆ ನೀವೇ ತೆಗೆಯಬೇಕು. ಸಮತಟ್ಟಾದ ಸರ್ಫೇಸ್ ಪ್ಲೇಟ್ ಮೇಲೆ ಒಂದು ಗ್ರೈಂಡ್ ಮಾಡಿದ ರಿಂಗ್ ಇಟ್ಟು, ಅದರ ಮೇಲೆ ಬೇರಿಂಗ್‌ನ ಔಟರ್ ಕೂರಿಸಿ. ಬೆನ್ನು ಕೆಳಗೆ ಬರಬೇಕು. ಇನ್ನರ್ ಮೇಲೆ 6 ಕೆಜಿ ತೂಕ ಹೇರಿ, ಅದೇ ನಿಮ್ಮ 60 ನ್ಯೂಟನ್. ಸ್ವಲ್ಪ ತಿರುಗಿಸಿ ಗುಂಡುಗಳನ್ನು ಕೂರಿಸಿ. ಈಗ ಮೈಕ್ರಾನ್ ತೋರಿಸುವ ಡಯಲ್ ಗೇಜ್‌ನಿಂದ ಇನ್ನರ್‌ಗೂ ಔಟರ್‌ಗೂ ಇರುವ ಮೆಟ್ಟಿಲು ಅಳೆಯಿರಿ. ನಮಗೆ ಬೇಕಾದ್ದು ಸ್ಪೇಸರ್ ಕೂರುವ ಬೆನ್ನಿನ ಬದಿಯ ಮೆಟ್ಟಿಲು, ಅಂದರೆ ಡಯಲ್ ಕೆಳಗಿನಿಂದ ತಾಗುವ ಹಾಗೆ ಅಡಿಯ ರಿಂಗ್‌ನಲ್ಲಿ ಜಾಗ ಬಿಟ್ಟಿರಬೇಕು. ಎರಡು ಬೇರಿಂಗ್‌ಗಳ ಮೆಟ್ಟಿಲು ಕೂಡಿಸಿ. ಇನ್ನರ್ ಹೊರಚಾಚಿದ್ದರೆ ಒಳ ಸ್ಪೇಸರ್ ಅಷ್ಟು ಗಿಡ್ಡ, ಒಳಸರಿದಿದ್ದರೆ ಅಷ್ಟು ಉದ್ದ.

ಆದರೆ ಯೂನಿವರ್ಸಲ್‌ಗೆ ಕೊಡುವ ಹೆಚ್ಚಿನ ದುಡ್ಡು ಈ ಒಂದು ದಿನದ ತಲೆನೋವಿಗಿಂತ ಕಡಿಮೆಯೇ.

ಹಿಂದಿನ ವೇವ್ ವಾಷರ್ ಎಷ್ಟು ಬಲದ್ದು, ಯಾವ ಬದಿಗೆ?

ಇಲ್ಲೇ ನಾನು ತುಂಬಾ ದಿನ ತಲೆ ಕೆರೆದುಕೊಂಡಿದ್ದು. ಮೇಲಿನ ಲೆಕ್ಕದ ಪ್ರಕಾರ 6003ಕ್ಕೆ ಕನಿಷ್ಠ 85 ನ್ಯೂಟನ್ ಬೇಕು. ಆದರೆ ಆ ಬಲ ಗಾಳಿಗೆ ಹೋಗಲ್ಲ, ಶಾಫ್ಟ್ ಮೂಲಕ ಮುಂದಿನ ಜೋಡಿಗೇ ಬರುತ್ತದೆ. ಗುಂಡಿನ ಬೇರಿಂಗ್ ಜೋಡಿಯ ಮೇಲೆ ಹೊರಗಿನ ಬಲ ಪ್ರಿಲೋಡ್‌ನ ಸುಮಾರು 2.8 ಪಟ್ಟು ಆದಾಗ ಜೋಡಿಯಲ್ಲಿ ಒಂದು ಬೇರಿಂಗ್ ಪೂರ್ತಿ ಸಡಿಲ ಬಿಡುತ್ತದೆ. 30 ನ್ಯೂಟನ್‌ನ ಹಗುರ ಜೋಡಿ ಹಾಕಿದ್ದರೆ 85ಕ್ಕೇ ಕಥೆ ಮುಗಿಯಿತು. ಕಟರ್ ಮರ ಮುಟ್ಟುವ ಮೊದಲೇ ಒಂದು ಬೇರಿಂಗ್ ಖಾಲಿ ತಿರುಗುತ್ತಿರುತ್ತದೆ! ಮಧ್ಯಮ ಜೋಡಿಯಲ್ಲಿ ಈ ಗಡಿ 170ರ ಹತ್ತಿರ. ಮಧ್ಯಮ ಆರಿಸಿದ್ದು ಇದಕ್ಕೆ.

ದಿಕ್ಕು: ಸ್ಪ್ರಿಂಗ್ ಶಾಫ್ಟನ್ನು ಹಿಂದಕ್ಕೆ, ಅಂದರೆ ಪುಲ್ಲಿ ಕಡೆಗೆ ಎಳೆಯಬೇಕು. ಅಪ್‌ಕಟ್ ಸ್ಪೈರಲ್ ಬಿಟ್ ಹೊಟ್ಟನ್ನು ಮೇಲೆತ್ತುವಾಗ ಸ್ಪಿಂಡಲನ್ನು ಕೆಳಗೆ ಎಳೆಯುತ್ತದೆ. ಸ್ಪ್ರಿಂಗ್ ಅದಕ್ಕೆ ಎದುರು ನಿಲ್ಲುತ್ತದೆ. ಹಾಗಾಗಿ ವಾಷರನ್ನು ಹೌಸಿಂಗ್ ಭುಜಕ್ಕೂ 6003ರ ಒಳಬದಿಗೂ ನಡುವೆ ಇಟ್ಟು, ಇನ್ನರನ್ನು ಹಿಂದಿನಿಂದ ನಟ್ ಹಾಕಿ ಹಿಡಿಯಿರಿ.

ಶಾಫ್ಟ್‌ಗೆ ಯಾವ ಉಕ್ಕು? ರೆಡಿಮೇಡ್ ಇಆರ್ ಶಾಫ್ಟ್ ಬಳಸಬಹುದಾ?

20 ಮಿಮೀ ನೇರ ಶ್ಯಾಂಕ್‌ನ ಇಆರ್ 20 ಚಕ್ ಸಿಗುತ್ತದೆ, ಅದನ್ನೇ ಶಾಫ್ಟ್ ಮಾಡುವವರು ಬಹಳ ಜನ. ತೊಂದರೆ ಎರಡು. ಸಾಮಾನ್ಯವಾಗಿ ಅದರ ಅಳತೆ 20ರಿಂದ 13 ಮೈಕ್ರಾನ್ ಕಡಿಮೆ ತನಕ ಎಲ್ಲಿ ಬೇಕಾದರೂ ಇರಬಹುದು, ಅಂದರೆ ಬೇರಿಂಗ್ ಬಿಗಿ ಕೂರುವುದು ಅದೃಷ್ಟ. ಎರಡನೆಯದು, ಗಡಸು ಮಾಡಿರುವುದರಿಂದ ಥ್ರೆಡ್ ಹಾಕಲು ಟೂಲ್ ಕಚ್ಚಲ್ಲ.

ನಾನು ಇಎನ್ 24 ಅನ್ನುವ ಮಿಶ್ರಲೋಹದ ಉಕ್ಕು, ಹದ ಮಾಡಿದ್ದು, 40 ಮಿಮೀ ಬಾರ್ ತಂದೆ. ಬೇರಿಂಗ್ ಕೂರುವ ಜಾಗ, ಭುಜ, ಥ್ರೆಡ್ ಎಲ್ಲ ಸೆಂಟರ್‌ಗಳ ನಡುವೆ ಒಂದೇ ಸಲ ಹಿಡಿದು ಮಾಡಿದ್ದು. ಬೇರಿಂಗ್ ಜಾಗಗಳನ್ನು ಸಿಲಿಂಡ್ರಿಕಲ್ ಗ್ರೈಂಡಿಂಗ್‌ಗೆ ಕೊಟ್ಟೆ. ಗುರಿ: ಸರಿಯಾಗಿ 20, ಅಥವಾ 3-4 ಮೈಕ್ರಾನ್ ಜಾಸ್ತಿ. ಕೊಲೆಟ್ ಕೂರುವ ಟೇಪರ್ (ಓರೆ ಗೋಡೆಯ ರಂಧ್ರ), ಒಂದು ಬದಿಗೆ 8 ಡಿಗ್ರಿ, ಕಟ್ಟಕಡೆಗೆ. ಸ್ಪಿಂಡಲ್ ಪೂರ್ತಿ ಜೋಡಿಸಿ, ಅದರದೇ ಬೇರಿಂಗ್‌ನಲ್ಲಿ ತಿರುಗಿಸುತ್ತಾ ಟೇಪರ್‌ನ ಕೊನೆಯ ಕಟ್ ತೆಗೆದರೆ ಹಿಂದಿನ ಸಣ್ಣಪುಟ್ಟ ತಪ್ಪುಗಳೆಲ್ಲ ಅಲ್ಲಿಗೆ ಮುಗಿಯುತ್ತವೆ. ಬೇರಿಂಗ್ ಬಾಯಿಗೆ ಗ್ರೀಸ್ ಮೆತ್ತಿ ಟೇಪ್ ಸುತ್ತಿ, ಚೂರು ಒಳಗೆ ಹೋದರೆ ಪಟ್ಟ ಪಾಡೆಲ್ಲ ವ್ಯರ್ಥ.

ಹೌಸಿಂಗ್ ಅಲ್ಯೂಮಿನಿಯಂ ಆದರೆ ಪರವಾಗಿಲ್ವಾ?

ಪರವಾಗಿಲ್ಲ, ಬಿಸಿಯಲ್ಲಿ ಉಕ್ಕಿನ ಎರಡರಷ್ಟು ಬೆಳೆಯುತ್ತದೆ ಅನ್ನುವುದು ನೆನಪಿರಲಿ. ಎರಡು ಔಟರ್‌ಗಳ ನಡುವಿನ ಅಂತರವನ್ನು ಅಲ್ಯೂಮಿನಿಯಂ ಭುಜಗಳು ನಿರ್ಧರಿಸಿದರೆ ಹೌಸಿಂಗ್ ಬಿಸಿಯಾದಾಗ ಪ್ರಿಲೋಡ್ ಏರುತ್ತದೆ. ಉಕ್ಕಿನ ಹೊರ ಸ್ಪೇಸರ್ ಇದ್ದರೆ ಆ ಕಾಟವಿಲ್ಲ. ರಂಧ್ರ 42ಕ್ಕಿಂತ 0ರಿಂದ 10 ಮೈಕ್ರಾನ್ ದೊಡ್ಡದಿರಲಿ. ಬೇರಿಂಗ್ ಬಿಗಿಯಾಗಿ ಹೊಡೆದು ಕೂರಿಸುವಂತಿದ್ದರೆ ಔಟರ್ ಕುಗ್ಗಿ ಪ್ರಿಲೋಡ್ ಲೆಕ್ಕ ತಪ್ಪುತ್ತದೆ. ಮುಂದಿನ ಮುಚ್ಚಳ ಬಿಗಿ ಮಾಡುವ ಮೊದಲು ಹೌಸಿಂಗ್‌ಗೂ ಅದಕ್ಕೂ 0.02-0.03 ಮಿಮೀ ಸಂದು ಉಳಿಯಬೇಕು.

ಬೇರಿಂಗ್ ಕೂರಿಸುವುದು ಹೇಗೆ? ಪೈಪ್ ಇಟ್ಟು ಹೊಡೆದರೆ?

ಸುತ್ತಿಗೆ ಪೆಟ್ಟಿಗೆಯಲ್ಲೇ ಇರಲಿ. ಔಟರ್ ಮೇಲೆ ಹೊಡೆದು ಇನ್ನರ್ ಕೂರಿಸಿದರೆ ಗುಂಡುಗಳು ಹಾದಿಯಲ್ಲಿ ಚುಕ್ಕೆ ಒತ್ತುತ್ತವೆ, ಮತ್ತೆ ಜನ್ಮದಲ್ಲಿ ಅದು ಶಾಂತವಾಗಿ ಓಡಲ್ಲ. ಹಳೆಯ 100 ವ್ಯಾಟ್ ಬಲ್ಬ್ ಮೇಲೆ ತಗಡು ಮುಚ್ಚಿ ಬೇರಿಂಗ್ ಇಟ್ಟರೆ 80 ಡಿಗ್ರಿ ಬರುತ್ತದೆ, ಶಾಫ್ಟ್ ಮೇಲೆ ತಾನೇ ಜಾರುತ್ತದೆ. 120 ಡಿಗ್ರಿ ದಾಟಬೇಡಿ. ಹೌಸಿಂಗನ್ನು ಇದೇ ಥರ 60 ಡಿಗ್ರಿ ಏರಿಸಿದರೆ 42 ಮಿಮೀ ರಂಧ್ರ 58 ಮೈಕ್ರಾನ್ ಹಿಗ್ಗುತ್ತದೆ, ಸಾಕೋ ಸಾಕು. ದೋಸೆ ಕಾವಲಿ ಮೇಲೆ ಇಡಬಹುದಾ ಅಂತ ಕೇಳುವವರಿಗೆ: ನಾನು ಇಟ್ಟಿದ್ದೆ. ಬಿಸಿ ಒಂದೇ ಸಮ ಬರಲ್ಲ, ಮನೆಯಲ್ಲೂ ಬೈಸಿಕೊಳ್ಳಬೇಕು.

ಗ್ರೀಸ್ ಎಷ್ಟು?

ಎಲ್ಲರೂ ಮಾಡುವ ತಪ್ಪು ಜಾಸ್ತಿ ಹಾಕುವುದು. ಒಳಗಿನ ಖಾಲಿ ಜಾಗದ ಕಾಲು ಭಾಗ, ಜಾಸ್ತಿ ವೇಗಕ್ಕೆ ಇನ್ನೂ ಕಡಿಮೆ. ತುಂಬಿಸಿದರೆ ಗುಂಡುಗಳು ಗ್ರೀಸ್ ಕಡೆಯುತ್ತಾ ಬಿಸಿಯಾಗುತ್ತವೆ.

ಯಾವ ಗ್ರೀಸ್ ಅನ್ನುವುದಕ್ಕೆ ಲೆಕ್ಕ: ಬೇರಿಂಗ್‌ನ ಸರಾಸರಿ ವ್ಯಾಸವನ್ನು ವೇಗದಿಂದ ಗುಣಿಸಿ. 7004ಕ್ಕೆ ಅದು 31 ಮಿಮೀ. 12,000 ಸುತ್ತಿಗೆ 3.72 ಲಕ್ಷ, ಒಳ್ಳೆಯ ಲಿಥಿಯಂ ಗ್ರೀಸ್ ತಡೆಯುತ್ತದೆ. 24,000ಕ್ಕೆ 7.44 ಲಕ್ಷ, ಆಗ ಕ್ಲೂಬರ್ ಐಸೊಫ್ಲೆಕ್ಸ್ ಎನ್‌ಬಿಯು 15ರಂಥ ಸ್ಪಿಂಡಲ್ ಗ್ರೀಸೇ ಬೇಕು, ಅದು 10 ಲಕ್ಷದವರೆಗೆ ನಡೆಯುತ್ತದೆ. ಮನೆಯ ಸ್ಪಿಂಡಲ್ 12,000ಕ್ಕೆ ನಿಲ್ಲಲಿ ಅಂತ ನಾನು ಹೇಳುವುದು ಇದಕ್ಕೂ, ಬ್ಯಾಲೆನ್ಸ್‌ಗೂ.

ಬ್ಯಾಲೆನ್ಸ್ ಅಷ್ಟು ಮುಖ್ಯನಾ?

ಮೆಷಿನ್ ಸ್ಪಿಂಡಲ್‌ಗಳಿಗೆ ಕೇಳುವ ಜಿ 2.5 ದರ್ಜೆಯಲ್ಲಿ 24,000 ಸುತ್ತಿಗೆ ತೂಕದ ನಡು 1 ಮೈಕ್ರಾನ್ ಮಾತ್ರ ಆಚೀಚೆ ಇರಬಹುದು. 12,000ಕ್ಕೆ 2. ಮನೆಯಲ್ಲಿ ಅಳೆಯಲಾಗದು, ಹಾಗಾಗಿ ಎಲ್ಲವನ್ನೂ ದುಂಡಗೆ ಇಡಿ. ಶಾಫ್ಟ್‌ನಲ್ಲಿ ಕೀ ಕೂರಿಸುವ ತೋಡು ಬೇಡ. ಪುಲ್ಲಿಗೆ ಒಂದೇ ಗ್ರಬ್ ಸ್ಕ್ರೂ ಬೇಡ, ಎದುರು ಬದುರು ಎರಡು.

ಮೋಟರ್?

ನನ್ನದು 2880 ಸುತ್ತಿನ ಒಂದು ಎಚ್‌ಪಿ ತ್ರೀ ಫೇಸ್ ಮೋಟರ್, ಡೆಲ್ಟಾ ಕನೆಕ್ಷನ್, ಮನೆಯ ಸಿಂಗಲ್ ಫೇಸ್‌ನಿಂದ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಮೂಲಕ. 120 ಮತ್ತು 30 ಮಿಮೀ ಪುಲ್ಲಿ, ಪಾಲಿ ವಿ ಬೆಲ್ಟ್, 11,500 ಸುತ್ತು ಬರುತ್ತದೆ. ಬೆಲ್ಟ್ ಜಾರದಷ್ಟು ಬಿಗಿ ಸಾಕು, ವೀಣೆ ತಂತಿ ಮಾಡಬೇಡಿ.

ಧೂಳು ಒಳಗೆ ಹೋಗಲ್ವಾ?

ಎಂಡಿಎಫ್ ಧೂಳು ಎಲ್ಲಿಗೆ ಬೇಕಾದರೂ ಹೋಗುತ್ತದೆ. ರಬ್ಬರ್ ಸೀಲ್ ಹಾಕಿದರೆ ಉಜ್ಜಿ ಬಿಸಿ. ಉದಾಹರಣೆಗೆ ರಬ್ಬರ್ ಸೀಲ್‌ನ 6004ರ ಮಿತಿ 11,000 ಆಸುಪಾಸು. ಮುಂದಿನ ಮುಚ್ಚಳದಲ್ಲಿ ಮುಟ್ಟದ ಲ್ಯಾಬಿರಿಂತ್ (ಧೂಳಿಗೆ ಸುತ್ತುಬಳಸಿನ ದಾರಿ) ಮಾಡಿ, ಎರಡು ಮೂರು ತೋಡು, 0.2 ಮಿಮೀ ಸಂದು. ಏರ್ ಲೈನ್ ಇದ್ದರೆ ಒಣ ಗಾಳಿ ಸಣ್ಣಗೆ ಬಿಡಿ.

ಪ್ರಿಲೋಡ್ ಸರಿ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಕೊಲೆಟ್ ತಲೆಗೆ ಮೈಕ್ರಾನ್ ಡಯಲ್ ಇಟ್ಟು 5 ಕೆಜಿ ಒತ್ತಿ, 5 ಕೆಜಿ ಎಳೆಯಿರಿ. ಎರಡೂ ಕಡೆಗೆ ಒಂದೆರಡು ಮೈಕ್ರಾನ್ ನಿಧಾನವಾಗಿ ಸರಿದು ವಾಪಸ್ ಬಂದರೆ ಸರಿ. ನಡುವೆ ಎಲ್ಲೋ ಮುಳ್ಳು ಟಕ್ಕಂತ ಹಾರಿದರೆ ಅಲ್ಲಿ ಪ್ಲೇ ಇದೆ. ಕೈಯಲ್ಲಿ ತಿರುಗಿಸಿದರೆ ಜೇನಿನಲ್ಲಿ ತಿರುಗಿದ ಹಾಗೆ ನುಣುಪಾಗಿರಬೇಕು, ಗಂಟು ಗಂಟಾಗಿ ತಡೆಯಬಾರದು.

ಆಮೇಲೆ ರನ್ನಿಂಗ್ ಇನ್, ಅಂದರೆ ಹಂತಹಂತವಾಗಿ ಓಡಿಸಿ ಪಳಗಿಸುವುದು. 2,500 ಸುತ್ತಿನಲ್ಲಿ ಇಪ್ಪತ್ತು ನಿಮಿಷ, ನಿಲ್ಲಿಸಿ ತಣ್ಣಗಾಗಲು ಬಿಡಿ, 5,000, ಮತ್ತೆ ತಣ್ಣಗೆ, ಹೀಗೆ ಮೇಲಕ್ಕೆ. ಗ್ರೀಸ್ ಹರಡಿಕೊಳ್ಳುವಾಗ ಬಿಸಿ ಏರಿ ಆಮೇಲೆ ಇಳಿಯುತ್ತದೆ, ಅದು ಸಹಜ. 60 ಡಿಗ್ರಿ ಮುಟ್ಟಿದರೆ ನಿಲ್ಲಿಸಿ. ಪ್ರತಿ ಹಂತದಲ್ಲೂ ಇಳಿಯದೆ ಏರುತ್ತಲೇ ಹೋದರೆ ಗ್ರೀಸ್ ಜಾಸ್ತಿ ಅಥವಾ ಪ್ರಿಲೋಡ್ ಜಾಸ್ತಿ. ನನ್ನದು 30 ಡಿಗ್ರಿ ಸೆಕೆಯ ದಿನ ಒಂದು ಗಂಟೆ ಓಡಿ 46ಕ್ಕೆ ನಿಂತಿತು.

ಬೇರಿಂಗ್ ಡೂಪ್ಲಿಕೇಟ್ ಇರುತ್ತಾ?

ಇರುತ್ತದೆ, ಕಣ್ಣಿಗೆ ಗೊತ್ತಾಗಲ್ಲ. ಒಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಪಿ 5 ಅಂತ ಕೊಟ್ಟರು, ಡಬ್ಬಿ ಥಳಥಳ. ತಂದು ಅಳೆದರೆ 14 ಮೈಕ್ರಾನ್ ರನ್‌ಔಟ್. ವಾಪಸ್ ತಗೊಳ್ಳಲಿಲ್ಲ. ಈಗ ಅಧಿಕೃತ ಡೀಲರ್ ಹತ್ತಿರ ಬಿಲ್ ಹಾಕಿಸಿ ಮಾತ್ರ ತರುತ್ತೇನೆ.

ಮೊದಲ ಸಲ ಚಾಲೂ ಮಾಡುವಾಗ ಏನು ಹುಷಾರು?

ಕೊಲೆಟ್ ಖಾಲಿ ಬಿಟ್ಟು ನಟ್ ಬಿಗಿ ಮಾಡಬೇಡಿ, ಒಂದು ಗಿಡ್ಡ ನೇರ ಪಿನ್ ಕಚ್ಚಿಸಿ. ಪುಲ್ಲಿಯ ನೇರಕ್ಕೆ ಯಾರೂ ನಿಲ್ಲಬಾರದು. 18 ಮಿಮೀ ಪ್ಲೈ ಹಲಗೆ ಅಡ್ಡ ಇಟ್ಟು, ಕನ್ನಡಕ ಹಾಕಿ, ಸ್ವಿಚ್ಚು ಬಾಗಿಲ ಹತ್ತಿರ ಇರಲಿ. ಲಾಕ್‌ನಟ್ ಬಿಗಿ ಮಾಡಿದ ಸ್ಪ್ಯಾನರನ್ನು ತೆಗೆದಿದ್ದೀರಾ ಅಂತ ಇನ್ನೊಂದು ಸಲ ನೋಡಿ. ನಾನು ತೆಗೆದಿರಲಿಲ್ಲ, ಗೋಡೆಯ ಗಾರೆಯಲ್ಲಿ ಗುರುತು ಇನ್ನೂ ಇದೆ.